ಖಾಸಗಿ ಹಳದ

ಸಾಂಗಲಿಯ ಗಣಪತಿ ಪೇಟೆಯಲ್ಲಿ ಕಾಯಿಪಲ್ಲೆ ಮಾರುವವನೊಬ್ಬ ಹಿಂದೊಮ್ಮೆ ಮಂದಾಕಿನಿ ಚೌಗುಲೆಗೆ ತೂಕದಲ್ಲಿ ಮೋಸ ಮಾಡಿದ್ದ. ಮೋಸ ಅಂದರೆ ಏನು ಮಹಾ, ಒಂದೆರಡು ಬದನೆಕಾಯಿ. ಅಂದಿನಿಂದ ಮಂದಾ ಬೇರೆ ಗಾಡಿಯಲ್ಲಿ ಕಾಯಿಪಲ್ಲೆ ಕೊಂಡು, ತುಂಬಿದ ಚೀಲವನ್ನು ಅವನಿಗೆ ಕಾಣುವ ಕೈಗೆ ಬದಲಾಯಿಸಿಕೊಂಡು, ಅವನ ಮುಂದೆ ಬೇಕೆಂದೇ ನಿಧಾನವಾಗಿ ನಡೆದು ಮನೆಗೆ ಹೋಗುತ್ತಾಳೆ. ವರ್ಷಗಟ್ಟಲೆ ಹೀಗೇ ನಡೆದಿದೆ. ಪಾಪ, ಅವನು ಒಮ್ಮೆ ಕೈಮುಗಿದು, "ಬಾಯಿ, ಸಾಕ್ರಿ ಇನ್ನ. ಒಂದು ಚೀಲ ಬದನಿಕಾಯಿ ಪುಕ್ಕಟ ಕೊಡ್ತೀನಿ, ಆ ಕಡಿ ಓಣಿ ಹಿಡದು ಹೋಗ್ರಿ" ಅಂದನಂತೆ. "ನನಗ ಬದನಿಕಾಯಿ ಸೇರೂದಿಲ್ಲ" ಎಂದು ಇವಳು ಅಷ್ಟೇ ನಿಧಾನವಾಗಿ ಮುಂದೆ ಹೋದಳು.

ಇಂಥವಳನ್ನು ಕೆಣಕಿದ ಅವಿನಾಶ ಶಿರ್ಗಾವಕರನ ಗತಿ ಏನಾಯಿತು ಎಂದು ಹೇಳುವುದಕ್ಕೆ ನನಗೆ ಬಹಳ ಖುಷಿ. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ನಾನು ಸೋನಪಿವಳಿ ಎಂಬ ಅರಿಸಿನ ವ್ಯಾಪಾರದ ಪೇಢಿಯ ಗೋದಾಮಿನಲ್ಲಿ ಅರಿಸಿನ ಆರಿಸುವ ಹೆಂಗಸರ ಮೇಲ್ವಿಚಾರಣೆ ಮಾಡುವವಳು. ಅಥಣಿ ಕಡೆಯಿಂದ ಸೊಸೆಯಾಗಿ ಈ ಊರಿಗೆ ಬಂದೆ, ಈಗ ನನಗೆ ಮೊಮ್ಮಕ್ಕಳಿದ್ದಾರೆ, ಪೇಢಿಯಲ್ಲಿ ಎಲ್ಲರಿಗೂ ನಾನು ಕಾಕು, ಅಂದರೆ ಚಿಕ್ಕಮ್ಮ. ಈ ಊರಲ್ಲಿ ಅರಿಸಿನಕ್ಕೆ ಹಳದ ಅನ್ನುತ್ತಾರೆ. ಮದುವೆಗೆ ಮುಂಚೆ ಮೈಗೆ ಅರಿಸಿನ ಹಚ್ಚುವ ಶಾಸ್ತ್ರಕ್ಕೂ ಹಳದ ಅಂತಲೇ ಅನ್ನುತ್ತಾರೆ. ಎರಡಕ್ಕೂ ಅದೊಂದೇ ಶಬ್ದ. ಆದರೆ ನಮ್ಮ ಪೇಢಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳುವ ಹಳದ ಮಾತ್ರ ಚೀಲದಲ್ಲಿ ತುಂಬುವಂಥದ್ದು, ಲಾರಿಯಲ್ಲಿ ಹೋಗುವಂಥದ್ದು.

ಮಂದಾಳ ಗಂಡ ಇದೇ ಪೇಢಿಯ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ಮಿರಜ ರಸ್ತೆಯಲ್ಲಿ ಮೋಟಾರ್ ಸೈಕಲ್ ಮೇಲಿಂದ ಬಿದ್ದವನು ಮತ್ತೆ ಏಳಲಿಲ್ಲ. ನಮ್ಮ ಮಾಲೀಕರಾದ ರಸಿಕಭಾಯಿ ಶೇಟಜಿ ಅವನ ಜಾಗಕ್ಕೆ ಇವಳನ್ನು ತೆಗೆದುಕೊಂಡರು. ಆಗ ಮಗಳು ಋತುಜಾ ಇನ್ನೂ ಶಾಲೆಗೆ ಹೋಗುವ ಹುಡುಗಿ. ಮಂದಾ ಕಂಪ್ಯೂಟರ್ ಕಲಿತಳು, ದರ ಕಲಿತಳು, ಗಿರಾಕಿಗಳ ಜೊತೆ ಜಗಳ ಆಡುವುದನ್ನು ಮಾತ್ರ ಕಲಿಯಬೇಕಾಗಲಿಲ್ಲ. ಗಂಡನ ಫೋನ್ ನಂಬರನ್ನೇ ಇಟ್ಟುಕೊಂಡಳು. ಇಸ್ಲಾಂಪುರದಿಂದ ದುಬೈವರೆಗೆ ಪೇಢಿಯ ಗಿರಾಕಿಗಳ ಹತ್ತಿರ ಇದ್ದದ್ದು ಅದೇ ನಂಬರು. ಮನೆಯ ಮಾತೂ ಅದರಲ್ಲೇ, ಮಾಲಿನ ಮಾತೂ ಅದರಲ್ಲೇ.

ದಿನವಿಡೀ ಹಳದದ ನಡುವೆ ಇರುವವಳಿಗೆ ಹಳದ ಮುಟ್ಟುವ ಹಕ್ಕಿಲ್ಲ. ಸಂಕ್ರಾಂತಿಗೆ ಶೇಟಜಿಯ ಹೆಂಡತಿ ಬಂದು ಪೇಢಿಯ ಹೆಂಗಸರಿಗೆಲ್ಲ ಅರಿಸಿನ ಕುಂಕುಮ ಕೊಡುತ್ತಾರೆ. ತಟ್ಟೆ ತನ್ನ ಸಮೀಪ ಬರುತ್ತಿದ್ದಂತೆ ಮಂದಾ ಫೋನ್ ಕಿವಿಗಿಟ್ಟು ಯಾರಿಗೋ ದರ ಹೇಳತೊಡಗುತ್ತಾಳೆ. ತಟ್ಟೆ ಅವಳನ್ನು ದಾಟಿ ಮುಂದಿನವಳಿಗೆ ಹೋಗುತ್ತದೆ. ಫೋನಿನ ಆ ಕಡೆ ಯಾರೂ ಇರುವುದಿಲ್ಲ, ಅದು ನನಗೆ ಗೊತ್ತು. ವಿಧವೆಯಾದವಳು ತನ್ನ ಮರ್ಯಾದೆ ತಾನೇ ಕಾಯಬೇಕು ಅನ್ನುವ ಈ ಏರ್ಪಾಟು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಋತುಜಾಳ ಮದುವೆ ಗೊತ್ತಾಯಿತು. ಹುಡುಗ ಇಸ್ಲಾಂಪುರದ ಭೂಪಾಲ ಖೋತರ ಮಗ. ಖೋತರದು ಮಸಾಲೆ ಗಿರಣಿ, ನಮ್ಮ ಪೇಢಿಯ ಹಳೆಯ ಗಿರಾಕಿ. ಮಂದಾಳ ಜೊತೆ ಫೋನಿನಲ್ಲಿ ಜಗಳವಾಡಿ ಆಡಿ, ಇಂಥ ತಾಯಿಯ ಮಗಳು ನಮ್ಮ ಮನೆಗೆ ಬರಲಿ ಎಂದು ಅವರೇ ಬಾಯಿಬಿಟ್ಟು ಕೇಳಿದರು. ಎಲ್ಲ ಸುಸೂತ್ರವಾಗಿತ್ತು. ಹಳದದ ಮಾತು ಬಂದಾಗ ಮಾತ್ರ ಮಂದಾಳ ಹಿರಿಯ ನೆಗೆಣ್ಣಿ ಶಾಲನ್ ಮಧ್ಯೆ ಬಾಯಿ ಹಾಕಿದಳು. ಒಂದೇ ಮನೆಯಲ್ಲಿ ಇರುವವರು ಅವರು. "ಹುಡುಗಿಗೆ ಹಳದ ನಾ ಹಚ್ಚತೀನಿ. ನೀ ಅಡಿಗಿ ಮನಿ ನೋಡ್ಕೋ. ಲಗ್ನದಾಗ ಏನರ ಹೆಚ್ಚುಕಮ್ಮಿ ಆದ್ರ ಮಂದಿ ನಿನ್ನ ಕೈ ಅಂತಾರ, ನಾ ನಿನ್ನ ಸಲುವಾಗಿನ ಹೇಳೂದು" ಅಂದಳು. ಮಂದಾ ಏನೂ ಮಾತಾಡಲಿಲ್ಲ. ಮಾತಾಡದಿದ್ದರೆ ಅವಳು ಲೆಕ್ಕ ಇಟ್ಟುಕೊಂಡಿದ್ದಾಳೆ ಎಂದೇ ಅರ್ಥ.

ಮರುದಿನ ಮಧ್ಯಾಹ್ನ ಊಟಕ್ಕೆ ಭಕ್ರಿ ಗಂಟು ಬಿಚ್ಚುವ ಹೊತ್ತಿನಲ್ಲಿ ಅವಳು ಪೇಢಿಯ ಕಂಪ್ಯೂಟರಿನಲ್ಲಿ ಏನೋ ನೋಡುತ್ತಿದ್ದಳು. ನಾನು ಝುಣಕದ ಡಬ್ಬಿ ಹಿಡಿದು ಹಿಂದೆ ಹೋಗಿ ನಿಂತೆ. ನಾಸಿಕದ ಕಡೆಯೋ ಎಲ್ಲೋ ಒಂದು ಮದುವೆ. ಕುಂಕುಮವಿಲ್ಲದ ತಾಯಿಯೊಬ್ಬಳು ಮಗಳ ಕೆನ್ನೆಗೆ ಹಳದ ಹಚ್ಚುತ್ತಿದ್ದಾಳೆ, ಸುತ್ತಲಿನ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದಾರೆ. ಧ್ವನಿ ಬಂದ್ ಮಾಡಿದ್ದಳು. "ಮನ್ಯಾಗ ಫೋನ್ ಹಿಡದ್ರ ಹತ್ತು ಕಣ್ಣು, ಕಾಕೂ. ಇಲ್ಲಿ ಒಂದೀಟು ನೋಡ್ತೀನಿ. ಯಾರ್ಯಾರು ಹಚ್ಚ್ಯಾರ, ಹಚ್ಚಿದ ಮ್ಯಾಲ ಏನಾತು, ಅಷ್ಟ" ಅಂದಳು. ಆಮೇಲೆ ದಿನಾ ಊಟದ ಹೊತ್ತಿಗೆ ಅದೇ ಕೆಲಸ. ಹಚ್ಚುವ ಧೈರ್ಯವನ್ನು ಅವಳು ಹೀಗೆ ತುಸು ತುಸುವೇ ಕೂಡಿಸಿಕೊಳ್ಳುತ್ತಿದ್ದಳು.

ಆ ಹೊತ್ತಿಗೇ ಶಿರ್ಗಾವಕರ ಬಂದದ್ದು. ಶೇಟಜಿಗೆ ವಯಸ್ಸಾಯಿತು, ಪೇಢಿಗೆ ಶಿಸ್ತು ಬೇಕು ಎಂದು ಅವರ ಅಳಿಯ ಪುಣೆಯಿಂದ ಕಳಿಸಿದ ಮ್ಯಾನೇಜರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಇಸ್ತ್ರಿ ಮಾಡಿದ ಮಾತು. ಮೊದಲ ವಾರದಲ್ಲೇ ಎಲ್ಲರ ಪರದೆಯೂ ಅವನ ಪರದೆಯಲ್ಲಿ ಕಾಣುವ ಹಾಗೆ ಮಾಡಿಸಿದ. ಬಾಗಿಲ ಪಕ್ಕದಲ್ಲಿ ಬೋರ್ಡು ಬರೆಸಿದ: ಕೆಲಸದ ಜಾಗದಲ್ಲಿ ಇಂಟರ್ನೆಟ್ಟಿನ ಖಾಸಗಿ ಬಳಕೆ ನಿಷಿದ್ಧ, ಎರಡು ಸಲ ಎಚ್ಚರಿಕೆ, ಮೂರನೆಯ ಸಲ ಮನೆ. ಸುಮ್ಮನೆ ಹೆದರಿಸುತ್ತಾನೆ ಎಂದುಕೊಂಡೆವು. ಕ್ರಿಕೆಟ್ ಸ್ಕೋರು ನೋಡಿದ್ದಕ್ಕೆ ಬಿಲ್ ಬರೆಯುವ ಓಂಕಾರನನ್ನು ನಿಜವಾಗಿಯೂ ಮನೆಗೆ ಕಳಿಸಿದಾಗ ಪೇಢಿಯಲ್ಲಿ ನಗುವ ಸದ್ದು ನಿಂತುಹೋಯಿತು.

ಮಂದಾ ಮಗಳ ಸೀರೆಯ ಬಣ್ಣ ನೋಡುವಾಗ ಒಮ್ಮೆ ಸಿಕ್ಕಿಬಿದ್ದಳು. ಅದು ಮೊದಲನೆಯದು. ಎರಡನೆಯದಕ್ಕೆ ಅವನು ಸೋಮವಾರದ ಸಭೆಯ ತನಕ ಕಾದ. ಎಲ್ಲರನ್ನೂ ಕೂಡಿಸಿದ, ಹಮಾಲರನ್ನೂ ಬಿಡಲಿಲ್ಲ. ಮಂದಾ ಏನೇನು ನೋಡಿದ್ದಾಳೆ ಎಂದು ಗಟ್ಟಿಯಾಗಿ ಓದತೊಡಗಿದ.

"ವಿಧವೆ ತಾಯಿ ಮಗಳಿಗೆ ಹಳದ ಹಚ್ಚಬಹುದೇ. ಇದು ಸೋಮವಾರ. ವಿಧವೆಯ ಹಳದ, ವಿಡಿಯೊ. ಇದು ಮಂಗಳವಾರ. ಬುಧವಾರವೂ ಇದೇ" ಎಂದು ನಿಲ್ಲಿಸಿ ಸುತ್ತ ನೋಡಿದ. "ಮಂದಾಕಿನಿ ಬಾಯಿ, ಈ ಪೇಢಿಯ ಹಳದ ಇರುವುದು ವಿದೇಶಕ್ಕೆ ಕಳಿಸಲು. ನಿಮ್ಮ ಕೈಗೆ ಯಾವ ಹಳದವೂ ಇಲ್ಲ ಎನ್ನುವುದು ನಿಮಗೆ ಯಾರಾದರೂ ಹೇಳಿಕೊಡಬೇಕೇ? ಅದನ್ನು ಕೇಳಲು ಕಂಪ್ಯೂಟರ್ ಬೇಕೇ?"

ಅವನು ನಕ್ಕ. ಬೇರೆ ಯಾರೂ ನಗಲಿಲ್ಲ. ಮಂದಾಳ ಮುಖ ಗೋಡೆಯ ಹಾಗೆ ಇತ್ತು. ಲೆಕ್ಕ ಬರೆಯುವ ಗುರವ ಮಾತ್ರ ತಲೆ ಬಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಗುರವನ ಕೆನ್ನೆಗಲ್ಲ.

"ಇನ್ನೊಂದು ಮಾತು" ಅಂದ ಶಿರ್ಗಾವಕರ. "ಪೇಢಿಯ ಗಿರಾಕಿಗಳೆಲ್ಲ ನಿಮ್ಮ ಒಂದು ನಂಬರಿಗೇ ಮೆಸೇಜು ಕಳಿಸುವುದು ಸರಿಯಲ್ಲ. ಆ ನಂಬರು ಇನ್ನು ಪೇಢಿಯದು. ಫೋನ್ ನನ್ನ ಹತ್ತಿರ ಇರುತ್ತದೆ."

"ಅದು ನಮ್ಮ ಮನಿಯವರ ನಂಬರ್ ರೀ ಸರ್" ಅಂದಳು ಮಂದಾ. ಅವಳ ಧ್ವನಿ ಅಷ್ಟು ತಗ್ಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. "ಮನಿ ಮಂದಿ ಮೆಸೇಜೂ ಅದಕ್ಕ ಬರ್ತಾವ."

"ಬರಲಿ. ಯಾವುದು ಕೆಲಸದ್ದು, ಯಾವುದು ಖಾಸಗಿ ಎಂದು ನಾನು ನೋಡುತ್ತೇನೆ. ನೀವು ಅದರ ಒಂದು ಮೆಸೇಜು ಓದಿದ್ದು ಕಂಡರೂ ಮೂರನೆಯದು ಎಂದು ತಿಳಿಯಿರಿ. ಆಮೇಲೆ ಮಗಳ ಮದುವೆಗೆ ಪುರುಸೊತ್ತೇ ಪುರುಸೊತ್ತು."

ಮಗಳ ಮದುವೆ ಎಂದು ಅವನಿಗೆ ಗೊತ್ತಾಗಿತ್ತು, ನೋಡಿ. ಬೀಗರು ಯಾರು ಎಂದು ಒಂದು ಮಾತು ಕೇಳಬಹುದಿತ್ತು. ಈ ಊರಲ್ಲಿ ಎದುರಾಳಿ ವ್ಯಾಪಾರಿಯ ಮನೆಯಲ್ಲಿ ಮದುವೆಯಾದರೂ ಕೇಳುತ್ತಾರೆ. ಅವನು ಕೇಳಲಿಲ್ಲ. ಮಂದಾ ಫೋನನ್ನು ಸೀರೆಯ ಸೆರಗಿನಿಂದ ಒರೆಸಿ ಅವನ ಟೇಬಲ್ ಮೇಲೆ ಇಟ್ಟಳು. ಗಂಡ ಸತ್ತಾಗಲೂ ಕೈಬಿಡದಿದ್ದ ನಂಬರು ಅದು. ನಳದ ಹತ್ತಿರ ಹೋಗಿ ಮುಖ ತೊಳೆದಳು, ಬಹಳ ಹೊತ್ತು ತೊಳೆದಳು. ನಾನು ಟವೆಲ್ ಕೊಡಲು ಹೋದೆ. "ಶೇಟಜಿ ಬಂದ ಮ್ಯಾಲ ಹೇಳೋಣ ತಾಯಿ" ಅಂದೆ. ಶೇಟಜಿ ಹೆಂಡತಿಯ ಜೊತೆ ಪಾಲಿತಾಣದ ಯಾತ್ರೆಗೆ ಹೋಗಿದ್ದರು, ಅಲ್ಲಿ ಅವರು ಫೋನ್ ಮುಟ್ಟುವುದಿಲ್ಲ. "ಹೇಳೂದೇನ ಬ್ಯಾಡ ಕಾಕೂ" ಅಂದಳು. "ಅವನ ಕಣ್ಣಾಗ ನೀರು ನೋಡದ ನಾ ಬಿಡೂದಿಲ್ಲ."

ನನಗೆ ಬದನೆಕಾಯಿಯವನ ನೆನಪಾಗಿ ಸಮಾಧಾನವಾಯಿತು.

ಮದುವೆಯ ವಾರ ಬಂತು. ಮಂಗಳವಾರ ಬೆಳಿಗ್ಗೆ ಶಿರ್ಗಾವಕರ ತನ್ನ ಖೋಲಿಯಿಂದ ಹೊರಗೆ ಬಂದು ಎಲ್ಲರಿಗೂ ಕೇಳುವಂತೆ ಕೆಮ್ಮಿದ. ಕೈಯಲ್ಲಿ ಮಂದಾಳ ಫೋನು. "ನೋಡಿ, ಶಿಸ್ತು ಅಂದರೆ ಇದು. ನಂಬರು ನನ್ನ ಕೈಗೆ ಬಂದ ವಾರದಲ್ಲೇ ದೊಡ್ಡ ಆರ್ಡರ್. ಇಸ್ಲಾಂಪುರದ ಖೋತ ಮಸಾಲಾ" ಎಂದು ಓದಿದ. ಓದಿದ್ದು ಇಷ್ಟು: ಗುರುವಾರ ಹಳದ. ಬೆಳಿಗ್ಗೆ ಹತ್ತರೊಳಗ ನಮ್ಮ ಬಾಗಿಲಿಗೆ ಬರಬೇಕು. ತಡ ಆಗಬಾರದು.

ಮಂದಾ ತಲೆ ಎತ್ತದೆ ದರದ ಪಟ್ಟಿ ಬರೆಯುತ್ತಲೇ ಇದ್ದಳು.

ನಮ್ಮಲ್ಲಿ ಮೊದಲು ವರನಿಗೆ ಹಳದ ಹಚ್ಚುತ್ತಾರೆ. ಅವನಿಗೆ ಹಚ್ಚಿ ಉಳಿದದ್ದನ್ನು ವಧುವಿನ ಮನೆಗೆ ತಂದು ಅವಳಿಗೆ ಹಚ್ಚಬೇಕು, ಅದಕ್ಕೆ ಉಷ್ಟಿ ಹಳದ ಅನ್ನುತ್ತಾರೆ. ಹೆಣ್ಣಿನ ಕಡೆಯವರು ಯಾರಾದರೂ ಬಂದು ಅದನ್ನು ತೆಗೆದುಕೊಂಡು ಹೋಗಲಿ ಎಂದು ಖೋತರು ಬೀಗತಿಗೆ ಬರೆದದ್ದು ಅದು. ಪೇಢಿಯ ಹಮಾಲನಿಗೂ ಅದು ಗೊತ್ತಾಯಿತು. ಗುರವ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ, ಹಿಮ್ಮಡಿಯಿಂದ ತುಳಿದೆ.

ಶಿರ್ಗಾವಕರ ಅಲ್ಲೇ ನಿಂತು ಉತ್ತರ ಬರೆದ, ಬರೆಯುವುದನ್ನೂ ಓದಿ ಹೇಳಿದ, ನಾವು ಕಲಿಯಲಿ ಎಂದು. ಎಷ್ಟು ಬೇಕು ಎಂದು ಕೇಳಿದ. ಖೋತರ ಉತ್ತರ ತಕ್ಷಣ ಬಂತು: "ಅದೇನ ಕೇಳ್ತೀರಿ, ಊರಿಗೆ ಊರ ಬರ್ತೈತಿ. ಕಮ್ಮಿ ಬೀಳಬಾರದು ನೋಡ್ರಿ." ಬೀಗತಿ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ಅವರೂ ಚೇಷ್ಟೆಗೆ ಇಳಿದಿದ್ದರು. ಯಾವ ಮಾಲು ಎಂದು ಇವನು ಕೇಳಿದ. "ಛಲೋದರಾಗ ಛಲೋದು. ನಮ್ಮ ಮನಿ ಮರ್ಯಾದಿ ನಿಮ್ಮ ಕೈಯಾಗೈತಿ" ಎಂದು ಬಂತು. ದರದ ಮಾತು ಶೇಟಜಿ ಬಂದ ಮೇಲೆ ಆಡೋಣ ಎಂದು ಇವನು ಬರೆದ. "ದರ ಗಿರ ಎಲ್ಲೀದ್ರಿ ಈಗ, ನಾವು ನೀವು ಒಂದ ಮನಿಯವ್ರು" ಎಂದು ಅಲ್ಲಿಂದ ಬಂತು.

"ಇದನ್ನು ನಂಬಿಕೆ ಎನ್ನುತ್ತಾರೆ" ಅಂದ ಶಿರ್ಗಾವಕರ. ಅವನ ಮುಖ ಅರಳಿತ್ತು.

ಗೋದಾಮಿನಲ್ಲಿ ಆಗ ಪಾಲಿಶ್ ಆಗಿ ಚೀಲ ಹೊಲಿದು ತಯಾರಾಗಿದ್ದದ್ದು ಒಂದೇ ಮಾಲು. ಶೇಟಜಿ ತಾವೇ ನಿಂತು ಆರಿಸಿದ ರಾಜಾಪುರಿ ತಳಿಯ ಅರಿಸಿನ ಕೊಂಬು, ಶನಿವಾರ ಬಂದರಿಗೆ ಹೋಗಬೇಕಾದ ದುಬೈ ಗಿರಾಕಿಯದು. ಅದರಲ್ಲೇ ಒಂದು ಟೆಂಪೊ ತುಂಬಿಸಿ ಎಂದ. "ಸರ್, ಅದು ಶೇಟಜಿ ಎತ್ತಿಟ್ಟದ್ದು" ಎಂದು ನಾನು ಹೇಳಿದೆ. ನನ್ನ ಧರ್ಮ ನಾನು ಪಾಲಿಸಬೇಕಲ್ಲ. "ಶನಿವಾರದೊಳಗೆ ಬೇರೆಯದು ಪಾಲಿಶ್ ಮಾಡಿಸೋಣ. ನಿಮ್ಮ ಕೆಲಸ ಆರಿಸುವುದು, ನನಗೆ ಸಲಹೆ ಕೊಡುವುದಲ್ಲ" ಅಂದ. ಅಷ್ಟು ಸಾಕಿತ್ತು ನನಗೆ. ಹಮಾಲರಿಗೆ ಚೀಲ ಎತ್ತಲು ನಾನೇ ಹೇಳಿದೆ.

ನಳದ ಹತ್ತಿರ ಮಂದಾ ಸಿಕ್ಕಳು. "ಈಗಲೂ ಒಂದು ಮಾತು ಹೇಳಿದ್ರ ನಿಲ್ಲತದ" ಅಂದೆ. ಪರೀಕ್ಷೆ ಮಾಡಲೆಂದೇ ಹೇಳಿದೆ.

"ಹೆಂಗ ಹೇಳ್ಲಿ ಕಾಕೂ? ಅದು ಖಾಸಗಿ ಮೆಸೇಜು" ಅಂದಳು. "ಓದೀನಿ ಅಂದ್ರ ಮೂರನೇದು. ನೌಕರಿ ಹೋಗ್ತದ. ಮಗಳ ಲಗ್ನದ ವಾರದಾಗ ನೌಕರಿ ಕಳಕೊಳ್ಳಲೇನು?"

"ಶೇಟಜಿ ನಿನ್ನನ್ನ ಕೇಳಿದ್ರ?"

ಅವಳು ನಳ ಬಂದ್ ಮಾಡಿದಳು. ಟೆಂಪೊದ ಕಡೆ ನೋಡುತ್ತ ನಿಂತಳು. ನೌಕರಿ ಹಾಗೂ ಹೋಗಬಹುದಿತ್ತು, ಹೀಗೂ ಹೋಗಬಹುದಿತ್ತು. ಹೋಗುವುದಾದರೆ ಅವನನ್ನು ಕರೆದುಕೊಂಡೇ ಹೋಗಲಿ ಎಂದು ಅವಳು ತೀರ್ಮಾನಿಸಿದ್ದು ಆಗಲೇ ಇರಬೇಕು.

ಗುರುವಾರ ಮಂದಾ ರಜೆಯ ಮೇಲಿದ್ದಳು, ಶೇಟಜಿ ಯಾತ್ರೆಗೆ ಹೋಗುವ ಮೊದಲೇ ಮಂಜೂರು ಮಾಡಿದ ರಜೆ. ಟೆಂಪೊ ಬೆಳಿಗ್ಗೆಯೇ ಇಸ್ಲಾಂಪುರಕ್ಕೆ ಹೊರಟಿತು. ಮಧ್ಯಾಹ್ನ ಶೇಟಜಿ ಯಾತ್ರೆಯಿಂದ ನೇರವಾಗಿ ಪೇಢಿಗೆ ಬಂದರು. ಬಂದವರು ಗೋದಾಮಿಗೆ ಹೋದರು, ಖಾಲಿ ಜಾಗದ ಮುಂದೆ ನಿಂತರು, ಮಾಲು ಎಲ್ಲಿ ಎಂದು ಕೇಳಿದರು. ಶಿರ್ಗಾವಕರ ಓಡಿ ಬಂದು ಮೆಸೇಜು ತೋರಿಸಿದ, ಬಹುಮಾನ ಸಿಗುವ ಹುಡುಗನ ಹಾಗೆ ನಿಂತ. ಶೇಟಜಿ ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಅವನನ್ನು ನೋಡಿದರು.

"ಇದು ಲಗ್ನದ ಹಳದ, ಭಾಯಿ" ಅಂದರು. "ಖೋತನ ಮಗ, ನಮ್ಮ ಮಂದಾಬೆನ್ ಮಗಳು. ಲಗ್ನಪತ್ರಿಕೆ ನನ್ನ ಮನೆಯಲ್ಲಿದೆ."

ಟೆಂಪೊ ಚಾಲಕ ಶಬ್ಬೀರ್ ಮುಲಾಣಿಗೆ ಫೋನ್ ಹಚ್ಚಿದರು. ಅವನು ಹಿಂದೆ ಬಾಜಾದ ಸದ್ದಿನಲ್ಲಿ ಕೂಗಿ ಹೇಳಿದ್ದು ನಮಗೆಲ್ಲ ಕೇಳಿಸಿತು. "ಖಾಲಿ ಮಾಡ್ಯಾರ್ರಿ ಶೇಟಜಿ. ಹಂದರದ ಮುಂದನ ಇಳಿಸಿದ್ರು. ನನಗೂ ಶ್ರೀಖಂಡ ಪೂರಿ ಊಟ ಹಾಕ್ಯಾರ. ಮರ್ಯಾದಿ ಮಾಡಿ ಟೋಪಿ ಕೊಟ್ಟಾರ." ಶೇಟಜಿ ಕಾರು ಹತ್ತಿದರು, ಶಿರ್ಗಾವಕರನನ್ನು ಹತ್ತಿಸಿಕೊಂಡರು, ಮಂದಾಳ ಮನೆ ತೋರಿಸಲು ನನ್ನನ್ನೂ ಹತ್ತಿಸಿಕೊಂಡರು. ಕರೆಯದಿದ್ದರೂ ನಾನು ಹತ್ತುತ್ತಿದ್ದೆ.

ಮನೆಯ ಮುಂದೆ ಹಂದರ, ಮಣೆಯ ಮೇಲೆ ಋತುಜಾ. ಶಾಲನ್ ಹಸಿರು ಬಳೆ ತುಂಬಿಕೊಂಡು, ಮುಖಕ್ಕೆ ಪುಡಿ ಬಳಿದುಕೊಂಡು ಎಲ್ಲದರ ಯಜಮಾನಿಯಾಗಿ ಓಡಾಡುತ್ತಿದ್ದಳು. ಮಂದಾ ಅಡಿಗೆಮನೆಯ ಬಾಗಿಲಲ್ಲಿದ್ದಳು, ಕೈಯೆಲ್ಲ ಹಿಟ್ಟು. ನಾವು ಇಳಿಯುವಷ್ಟರಲ್ಲಿ ನಮ್ಮ ಹಿಂದೆಯೇ ಜೀಪೊಂದು ಬಂತು. ಉಷ್ಟಿ ಹಳದದ ಬಟ್ಟಲು ಹಿಡಿದು ಖೋತರೇ ಇಳಿದರು, ಕಿವಿಯವರೆಗೆ ಹಳದಿಯಾಗಿದ್ದರು. ಅದನ್ನು ಹೆಣ್ಣಿನ ಕಡೆಯವರ ಕೈಯಲ್ಲಿ ಕಳಿಸುವುದು ಪದ್ಧತಿ. ಅವರಿಗೆ ತಡೆದುಕೊಳ್ಳಲಾಗಿರಲಿಲ್ಲ.

"ಎಲ್ಲದಾರ ನಮ್ಮ ಬೀಗತಿ?" ಎಂದು ಬಾಗಿಲಿನಿಂದಲೇ ಕೂಗಿದರು. "ನಾ ಚೇಷ್ಟಿ ಮಾಡಿದ್ರ ಟೆಂಪೊ ತುಂಬಿ ಕಳಿಸೂದೇನ್ರಿ? ಹಳದ ನಡದಿತ್ತು, ಬಾಜಾದವರು ಬಾರ್ಸೂದ ನಿಲ್ಸಿ ನೋಡಕೋತ ನಿಂತ್ರು. ಅಂಥಾ ಕೊಂಬು ನನ್ನ ಗಿರಣಿ ಕಂಡಿಲ್ಲ. ನಮ್ಮಾಕಿ ಬಂದ ಹೆಣ್ಮಕ್ಕಳಿಗೆಲ್ಲ ಅದರಾಗಿಂದನ ಉಡಿ ತುಂಬ್ಯಾಳ, ಊರಾಗ ಒಂದು ಮನಿ ಬಿಟ್ಟಿಲ್ಲ."

ಶೇಟಜಿ ಹೆಜ್ಜೆ ನಿಲ್ಲಿಸಿದರು. ಚೀಲದಲ್ಲಿದ್ದರೆ ಮಾಲು ವಾಪಸು ತರಬಹುದು. ಮುತ್ತೈದೆಯ ಉಡಿಗೆ ಬಿದ್ದ ಅರಿಸಿನ ಕೊಂಬನ್ನು ಯಾವ ಗಂಡಸು ಹೋಗಿ ತಿರುಗಿ ಕೇಳುತ್ತಾನೆ?

ಶಿರ್ಗಾವಕರನಿಗೆ ಆಗ ಪೂರ್ತಿ ಅರ್ಥವಾಯಿತು. ಹಂದರದ ಅಂಚಿನಿಂದ ಸುತ್ತಿ ಬಂದು ಅಡಿಗೆಮನೆಯ ಬಾಗಿಲಲ್ಲಿ ಮಂದಾಳ ಮುಂದೆ ನಿಂತ. ನಾನೂ ಹಿಂದೆಯೇ ಹೋಗಿ ನಿಂತೆ.

"ಮಂದಾತಾಯಿ" ಅಂದ. ಅವನ ಬಾಯಲ್ಲಿ ತಾಯಿ ಬಂದದ್ದು ಅದೇ ಮೊದಲು. "ದಯವಿಟ್ಟು ಖೋತರಿಗೆ ಹೇಳಿ. ಅದು ಉಡುಗೊರೆಯಲ್ಲ, ತಪ್ಪಿ ಬಂದ ಮಾಲು ಎಂದು. ಒಂದು ಮಾತು ಹೇಳಿದರೆ ಅವರು ಬೆಲೆ ಕೊಟ್ಟುಬಿಡುತ್ತಾರೆ. ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತದೆ. ನನಗೂ ಮಗಳಿದ್ದಾಳೆ ತಾಯಿ." ಅವನ ಕಣ್ಣು ತುಂಬಿತ್ತು.

ಮಂದಾ ಅವನ ಕಣ್ಣನ್ನೇ ನೋಡಿದಳು. ಅವಸರ ಮಾಡಲಿಲ್ಲ. ಕೈಯ ಹಿಟ್ಟು ಉಜ್ಜಿ ತೆಗೆದಳು.

"ಸರ್" ಅಂದಳು, ಶೇಟಜಿಗೂ ಕೇಳುವಷ್ಟು ಗಟ್ಟಿಯಾಗಿ. "ಇದು ಖಾಸಗಿ ಕಾರ್ಯಕ್ರಮ. ಪೇಢಿ ಮಾತು ಇಲ್ಲಿ ಆಡಬಾರದು."

ಶೇಟಜಿ ಹತ್ತಿರ ಬಂದರು. "ಮಂದಾಬೆನ್, ನಿನಗೆ ಗೊತ್ತಿತ್ತಾ?"

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನಾನೂ ಸಾಕ್ಷಿ ಹೇಳುತ್ತಿದ್ದೆ. "ಗೊತ್ತಿತ್ರಿ ಶೇಟಜಿ" ಅಂದಳು ಅವಳು. "ಅವರು ಓದಿದಾಗನ ಗೊತ್ತಾತು. ಹೇಳಲಿಲ್ಲ."

"ಯಾಕೆ?"

ಅವಳು ಮಣೆಯ ಮೇಲಿನ ಮಗಳ ಕಡೆ ನೋಡಿದಳು. ಅದನ್ನು ಅವಳ ಬಾಯಿಂದ ಹೇಳಿಸುವುದು ನನಗೆ ಸರಿ ಕಾಣಲಿಲ್ಲ. ನಾನೇ ಹೇಳಿದೆ. ಸೋಮವಾರದ ಸಭೆ, ಹಮಾಲರ ಮುಂದೆ ಓದಿದ್ದು, ಗಂಡನ ನಂಬರು ಕಿತ್ತುಕೊಂಡದ್ದು, ಅವಳ ಕೈಯ ಬಗ್ಗೆ ಇವನು ಆಡಿದ ಮಾತು, ಒಂದಕ್ಷರ ಬಿಡದೆ ಹೇಳಿದೆ. ಶೇಟಜಿ ಕೇಳುತ್ತ ನೆಲ ನೋಡಿದರು. ಸಂಕ್ರಾಂತಿಯ ತಟ್ಟೆ ಅವರಿಗೆ ನೆನಪಾಯಿತೋ ಇಲ್ಲವೋ ನಾನರಿಯೆ. ಆಗಬೇಕಿತ್ತು.

"ತಪ್ಪು ನಿನ್ನದೂ ಇದೆ" ಅಂದರು ಮಂದಾಗೆ. "ಅದನ್ನು ಲಗ್ನ ಆದ ಮೇಲೆ ಪೇಢಿಯಲ್ಲಿ ಮಾತಾಡೋಣ. ಸೋಮವಾರ ತಡ ಮಾಡಬೇಡ." ಖೋತರ ಕಡೆ ತಿರುಗಿ ಎರಡೂ ಕೈ ಅಗಲಿಸಿದರು. ವ್ಯಾಪಾರಿ ಅಂದರೆ ವ್ಯಾಪಾರಿ. "ಖೋತಸಾಹೇಬ, ಪೇಢಿಯ ಮಗಳ ಲಗ್ನ. ಅಷ್ಟಾದರೂ ಮಾಡದಿದ್ದರೆ ನಾವು ಹಳದದ ವ್ಯಾಪಾರ ಯಾಕೆ ಮಾಡಬೇಕು?" ಆಮೇಲೆ ಶಿರ್ಗಾವಕರನ ಕಿವಿಯ ಹತ್ತಿರ ಬಾಗಿದರು. "ನಾಳೆಯಿಂದ ಬರಬೇಡ. ಅವಳ ಫೋನ್ ಇಲ್ಲೇ ಕೊಡು."

ಅವನು ಜೇಬಿನಿಂದ ಫೋನ್ ತೆಗೆದು ಕೊಟ್ಟ. ಮಂದಾ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಈ ಯಾವುದೂ ತಿಳಿಯದ ಖೋತರು ಬಟ್ಟಲನ್ನು ಮಣೆಯ ಹತ್ತಿರ ಇಟ್ಟಿದ್ದರು. ಶಾಲನ್ ಅದನ್ನು ಎತ್ತಿಕೊಂಡಳು. "ಏ, ನಿಲ್ರಿ ನಿಲ್ರಿ" ಅಂದರು ಖೋತರು. "ನನ್ನ ಊರಿಗೆಲ್ಲ ಹಳದ ಕಳಿಸಿದಾಕಿ ಕೈ ಬಿಟ್ಟು ಮತ್ತ್ಯಾರ ಕೈ ಮೊದಲ? ಬರ್ರಿ ಬೀಗತಿ."

ಹೆಂಗಸರೆಲ್ಲ ಅಡಿಗೆಮನೆಯ ಬಾಗಿಲ ಕಡೆ ತಿರುಗಿದರು. ಶಾಲನ್‌ಳ ಅತ್ತೆ ವಯಸ್ಸಿನ ಮುದುಕಿಯೊಬ್ಬಳು ಏನೋ ಅನ್ನಲು ಹೋದವಳು ಗಂಡಿನ ತಂದೆಯ ಮುಖ ನೋಡಿ ಬಾಯಿ ಮುಚ್ಚಿದಳು. ಮಂದಾ ನಡೆದು ಬಂದಳು, ಗಣಪತಿ ಪೇಟೆಯಲ್ಲಿ ನಡೆಯುವಷ್ಟೇ ನಿಧಾನವಾಗಿ. ಬಟ್ಟಲಿಗೆ ಕೈ ಹಾಕಿದಳು. ಶಾಲನ್ ಬಿಡಲಿಲ್ಲ. ಇಬ್ಬರ ಬೆರಳುಗಳೂ ಅದರ ಅಂಚಿನಲ್ಲಿ ಬಿಳುಪೇರಿದವು.

"ಬಿಡ್ರಿ ವಹಿನಿ" ಅಂದಳು ಮಂದಾ, ನಗುತ್ತಲೇ. "ಒಲಿ ಮ್ಯಾಲ ಹಾಲು ಇಟ್ಟೀನಿ. ಅಡಿಗಿ ಮನಿ ನೋಡ್ಕೋರಿ."

ಶಾಲನ್ ಬಿಟ್ಟಳು. ಮಂದಾ ಮಗಳ ಪಾದಕ್ಕೆ ಹಚ್ಚಿದಳು, ಮಂಡಿಗೆ, ಭುಜಕ್ಕೆ, ಕೊನೆಗೆ ಎರಡೂ ಕೆನ್ನೆಗೆ. ಋತುಜಾ ಅಳುತ್ತಿದ್ದಳು, ತಾಯಿ ಅಳಲಿಲ್ಲ. ಹೆಂಗಸರಲ್ಲಿ ಯಾರೋ ಹಾಡು ಎತ್ತಿದರು, ಉಳಿದವರು ಸೇರಿಕೊಂಡರು.

ಶಿರ್ಗಾವಕರ ಗೇಟಿನ ಹತ್ತಿರ ಬೂಟು ಹುಡುಕುತ್ತಿದ್ದ. ಮಂದಾ ಬಟ್ಟಲು ಎತ್ತಿಕೊಂಡು ಅಲ್ಲಿಗೆ ಹೋಗಿ, ಹಿಂದೆಯೇ ಬಂದ ನನ್ನ ಕೈಗೆ ಅದನ್ನು ಹಿಡಿಯಲು ಕೊಟ್ಟಳು. "ಶುಭ ಕಾರ್ಯಕ್ಕ ಬಂದೀರಿ ಸರ್. ಹಂಗ ಹೋಗಬಾರದು" ಎಂದು ಎರಡೂ ಅಂಗೈ ತುಂಬ ತೆಗೆದು ಅವನ ಮುಖಕ್ಕೆ ಬಳಿದಳು. ಹಣೆಯಿಂದ ಗದ್ದದ ತನಕ, ಕಿವಿಯ ಹಿಂದೆ, ಕುತ್ತಿಗೆಗೆ, ಬಿಳಿ ಅಂಗಿಯ ಕಾಲರಿಗೆ, ಎದೆಗೆ. ಹಳದ ಹಚ್ಚುವವರ ಕೈ ಹಿಡಿಯುವಂತಿಲ್ಲ, ಅದು ಅಪಶಕುನ. ಅವನು ಕಣ್ಣು ಮುಚ್ಚಿ ನಿಂತಿದ್ದ. ಹಂದರದ ಹೆಂಗಸರು ಬಿದ್ದು ಬಿದ್ದು ನಕ್ಕರು, ಮ್ಯಾನೇಜರ್ ಸಾಹೇಬರಿಗೆ ಎಷ್ಟು ಮರ್ಯಾದೆ ಎಂದುಕೊಂಡರು. ನನಗೆ ಅವನ ಬಗ್ಗೆ ಕನಿಕರ ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

ಶೇಟಜಿ ಅವನನ್ನು ಕಾರಿಗೆ ಕರೆಯಲಿಲ್ಲ. ಅವನು ಓಣಿಯಲ್ಲಿ ನಡೆದು ಹೊರಟ. ಎದುರು ಬರುತ್ತಿದ್ದ ಸೈಕಲ್ಲಿನವನೊಬ್ಬ ಕಾಲು ಊರಿ ನಿಂತು, "ಏನ್ರೀ ಮದಿಮಗ, ಒಬ್ಬರ ಹೊಂಟೀರಿ, ದಿಬ್ಬಣ ಎಲ್ಲಿ?" ಎಂದು ಕೇಳಿದ್ದು ನಮಗೆ ಇಲ್ಲಿಯವರೆಗೆ ಕೇಳಿಸಿತು.

ಅವನು ತಿರುವಿನಲ್ಲಿ ಮರೆಯಾಗುವ ತನಕ ಮಂದಾ ಗೇಟಿನಲ್ಲೇ ನಿಂತಿದ್ದಳು. ಮೊಣಕೈವರೆಗೆ ಹಳದಿಯಾಗಿದ್ದ ತನ್ನ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಅಡಿಗೆಮನೆಯ ಕಡೆ, ಹಾಲಿನ ಪಾತ್ರೆ ಇಳಿಸುತ್ತಿದ್ದ ಶಾಲನ್‌ಳ ಬೆನ್ನಿನ ಕಡೆ ನೋಡಿ, "ಕಾಕೂ, ಬಟ್ಟಲದಾಗ ಇನ್ನ ಸ್ವಲ್ಪ ಉಳದೈತೇನು?" ಎಂದು ಕೇಳಿದಳು.

ಉಳಿದಿತ್ತು. ಬಟ್ಟಲು ಅವಳ ಕೈಗೆ ಕೊಟ್ಟೆ.